ಮೂಕ ದುಡ್ಡು

ನಮ್ಮ ಮನೆಗೆ ಬರುವವರು ಅಂಗಡಿ ದಾಟಿಯೇ ಬರಬೇಕಿತ್ತು. ತಿಕೋಟಾದ ಬಜಾರಿನಲ್ಲಿ ಮುಂದಿನ ಖೋಲಿ ತಾಮ್ರ ಹಿತ್ತಾಳೆಯ ಬಾಂಡೆ ಸಾಮಾನಿನ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಬಲಕ್ಕೆ ಅಡುಗೆಮನೆ, ಎಡಕ್ಕೆ ಜೋಳದ ಚೀಲ ಒಟ್ಟಿದ ಕತ್ತಲೆ ಕೋಣೆ, ಎಲ್ಲಕ್ಕೂ ಕೊನೆಗೆ ಬಚ್ಚಲು ಮತ್ತು ಹಂಡೆಯ ಒಲೆ. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ, ತಗ್ಗಾಗಿ ಇದ್ದುದರಿಂದ ಹಂಡೆಯ ಮುಂದೆ ಕೂತು ಕಟ್ಟಿಗೆ ನೂಕುತ್ತಿದ್ದ ಅವ್ವನಿಗೆ ಅಂಗಡಿಯ ಮೆಟ್ಟಿಲು ಹತ್ತಿದವರ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು. ಕಾಲು ನೋಡಿಯೇ ಆಕೆ ಚಹಾಕ್ಕೆ ನೀರಿಡಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಿದ್ದಳು. ಚಪ್ಪಲಿಯ ಕಾಲಾದರೆ ಗಿರಾಕಿ, ಸುಮ್ಮನಿರುತ್ತಿದ್ದಳು. ಹಿಮ್ಮಡಿ ಒಡೆದ ಬರಿಗಾಲು ಬಂದರೆ ಒಂದು ನಿಟ್ಟುಸಿರು ಬಿಟ್ಟು ಪಾತೇಲಿ ಕೈಗೆತ್ತಿಕೊಳ್ಳುತ್ತಿದ್ದಳು. ಅಂಥವರು ಅಪ್ಪನ ಖಾಸಾ ಮಂದಿ.

ಸುತ್ತಲಿನ ಹಳ್ಳಿಯವರು ತೂತು ಬಿದ್ದ ಕೊಡ, ಕಂಠ ಮುರಿದ ತಂಬಿಗೆ, ನೆಗ್ಗಿದ ತಾಟು ತಂದು ತೂಕಕ್ಕೆ ಹಾಕಿ ಹೊಸದು ಒಯ್ಯುತ್ತಿದ್ದರು. ಆ ಹಳೆ ತಾಮ್ರದೊಳಗೆ ಒಮ್ಮೊಮ್ಮೆ ಹಳೆಯ ದುಡ್ಡುಗಳೂ ಇರುತ್ತಿದ್ದವು. ಉಳಿದ ಅಂಗಡಿಯವರು ಅವನ್ನೂ ತಾಮ್ರವೆಂದೇ ತೂಗಿ, ಚೀಲಕ್ಕೆ ಒಗೆದು, ಕರಗಿಸಲು ವಿಜಯಪುರಕ್ಕೆ ಕಳಿಸುತ್ತಿದ್ದರು. ಅಪ್ಪ ಮಾತ್ರ ದುಡ್ಡನ್ನು ಬೇರೆ ತೆಗೆದು, ಧೋತರದ ಅಂಚಿಗೆ ತಿಕ್ಕಿ, ಬೆಳಕಿಗೆ ಹಿಡಿಯುತ್ತಿದ್ದ. ಆಮೇಲೆ ತಂದವರನ್ನು ಒಳಗೆ ಕರೆದು, ಕಂಬಳಿ ಹಾಸಿ ಕೂಡಿಸಿ, ಮೂರು ಪ್ರಶ್ನೆ ಕೇಳುತ್ತಿದ್ದ.

"ಎಲ್ಲಿ ಸಿಕ್ಕೈತಿ? ಯಾರಿಗೆ ಸಿಕ್ಕೈತಿ? ಸಿಕ್ಕಾಗ ಏನ ಮಾಡಾಕತ್ತಿದ್ರಿ?"

ಅವರು ಹೇಳಿದ್ದನ್ನು ಹಳೆ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಬರೆದು, ದುಡ್ಡನ್ನು ಅದರೊಳಗೇ ಮಡಿಚಿ ಪೊಟ್ಟಣ ಮಾಡಿ ಟ್ರಂಕಿಗೆ ಹಾಕುತ್ತಿದ್ದ. ಹೇಳಲು ಏನೂ ಇಲ್ಲದಿದ್ದರೆ, "ಇದು ಮೂಕ" ಎಂದು ತಿರುಗಿ ತಾಮ್ರದ ಚೀಲಕ್ಕೆ ಒಗೆಯುತ್ತಿದ್ದ. ಬೆಳ್ಳಿಯಿರಲಿ ತಾಮ್ರವಿರಲಿ, ಮೂಕ ದುಡ್ಡನ್ನು ಆತ ಮನೆಯಲ್ಲಿ ಇಟ್ಟವನಲ್ಲ. ಫಾರಸಿ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ದಪ್ಪಗಿದ್ದು ಅಂಥ ಅಕ್ಷರವಿದ್ದದ್ದೆಲ್ಲ ಅವನ ಪಾಲಿಗೆ ಆದಿಲ್‌ಶಾಹಿಯದೇ. ಊಟಕ್ಕೆ ಕೂತಾಗ ಈ ವಿಷಯಕ್ಕೆ ಅವ್ವನಿಗೂ ಅವನಿಗೂ ಜಗಳ ತಪ್ಪುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವ ಸಪ್ಪಳದ ಮೇಲೆಯೇ ಆಕೆಯ ಸಿಟ್ಟು ಎಷ್ಟೆಂದು ನಮಗೆ ತಿಳಿಯುತ್ತಿತ್ತು.

"ಗಿರಾಕಿ ಬಂದ ನಿಂತಾರ, ನೀವು ಕುರಿ ಕಾಯಾಂವನ ಮುಂದ ಕುಂತ ಪುರಾಣ ಕೇಳಾಕತ್ತೀರಿ."

"ಗೋಳಗುಮ್ಮಟ ಕಟ್ಟಿಸಿದಾಂವನ ಹೆಸರ ಎಲ್ಲಾರ್ಗೂ ಗೊತ್ತೈತಿ. ಅದರ ಕಲ್ಲ ಹೊತ್ತಾಂವಗ ಏನ ಕೊಟ್ರು, ಅಂವ ಅದನ್ನ ಯಾವ ಹೊಲದಾಗ ಕಳಕೊಂಡ, ಯಾರ ಬರದಾರ ಹೇಳು? ಈ ದುಡ್ಡು ಹೇಳತೈತಿ."

"ಹೇಳಿದ್ರ ಹೇಳ್ಲಿ. ಹಾಲು ಮುಗದಾವು, ಅದನ್ನ ನಾ ಹೇಳಾಕತ್ತೇನಿ."

ನಾನು ಓದಲು ಕಲಿತದ್ದು ಸಾಲಿಯ ಪುಸ್ತಕಕ್ಕಿಂತ ಹೆಚ್ಚಾಗಿ ಆ ಪೊಟ್ಟಣಗಳಿಂದ. ಮಧ್ಯಾಹ್ನ ಅಪ್ಪ ಮಲಗಿದಾಗ ಟ್ರಂಕು ತೆರೆದು ಒಂದೊಂದೇ ಬಿಚ್ಚುತ್ತಿದ್ದೆ. "ಕನಮಡಿಯ ಕುರಿಗಾರ ತಂದದ್ದು. ಕುಂಟುವ ಕುರಿಯ ಗೊರಸು ಎತ್ತಿ ನೋಡಿದರೆ ಸಂದಿಯಲ್ಲಿ ಇದು ಸಿಕ್ಕಿತ್ತು. ಮರುದಿನ ಕುರಿ ಸರಿಹೋಯಿತು." ಇನ್ನೊಂದರಲ್ಲಿ, "ಬಬಲೇಶ್ವರದಲ್ಲಿ ಹಳೆ ಹೊಸ್ತಿಲು ಕಿತ್ತಾಗ ಅದರ ಕೆಳಗೆ. ಗೌಂಡಿಯ ಕೈಗೆ ಕೊಡುವ ಮೊದಲು ಮನೆಯ ಮುದುಕಿ ಇದನ್ನು ಹಣೆಗೆ ಒತ್ತಿಕೊಂಡಳು." ಮತ್ತೊಂದರಲ್ಲಿ, "ಮಳೆಯಾದ ಮರುದಿನ ಕಳೆ ತೆಗೆಯುವಾಗ. ಇದನ್ನು ಹೆಕ್ಕಿದವಳು ಅಂದಿನಿಂದ ನೆಲ ನೋಡುತ್ತಲೇ ನಡೆಯುತ್ತಾಳೆಂದು ಗಂಡನ ದೂರು." ಇವಿಷ್ಟು ನನಗೆ ನೆನಪಿವೆ. ಟ್ರಂಕಿನ ತುಂಬ ಇದ್ದವು. ಉಳಿದವು ಏಕೆ ನೆನಪಿಲ್ಲವೆಂದು ನನ್ನನ್ನೇ ಬೈದುಕೊಳ್ಳುತ್ತೇನೆ. ಆಗ ಅವು ಎಂದೆಂದೂ ಟ್ರಂಕಿನಲ್ಲೇ ಇರುತ್ತವೆ ಎಂದುಕೊಂಡಿದ್ದೆ.

ಓದು ಅಪ್ಪನಿಂದ ಬಂದರೆ ಮಾತು ಬಂದದ್ದು ಆಯಿಯಿಂದ. ಆಯಿ ಎಂದರೆ ಅಪ್ಪನ ತಾಯಿ. ಹಲ್ಲಿಲ್ಲದ ಬಾಯಿ, ಆದರೂ ಒಂದಕ್ಷರ ಜಾರದ ನಾಲಿಗೆ. ಶೇಂಗಾ ಸುಲಿಯುತ್ತ ಆಕೆ ಕತೆ ತೆಗೆದಳೆಂದರೆ ಓಣಿಯ ಹೆಂಗಸರು ಮೊರ ಹಿಡಿದುಕೊಂಡೇ ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು. ಅಪ್ಪ ಅಂಗಡಿಯಲ್ಲಿರುತ್ತಿದ್ದ, ಆ ಕತೆಗಳಿಗೆ ಕಿವಿಗೊಟ್ಟವನಲ್ಲ. ಆಕೆಯ ಕತೆಗಳಲ್ಲಿ ನನಗೆ ಬಹಳ ಸೇರಿದ್ದು ಬಾಯಾರಿದ ಕುದುರೆಯದು. ದೂರದಿಂದ ಓಡಿ ಬಂದ ದಂಡಿನ ಕುದುರೆಯೊಂದು ನೀರಿನ ವಾಸನೆಗೆ ಹುಚ್ಚಾಗಿ, ಬೆನ್ನ ಮೇಲಿನ ಸವಾರನ ಸಮೇತ ಬಾವಿಗೆ ಹಾರಿತಂತೆ. ಆ ಬಾವಿ ಯಾವ ಊರಿನದು ಎಂದು ಕೇಳಿದರೆ ಆಯಿ, "ನೀ ಎಲ್ಲಿ ಅಂತಿ ಅಲ್ಲಿ" ಎನ್ನುತ್ತಿದ್ದಳು.

ನನಗೆ ಹತ್ತೋ ಹನ್ನೊಂದೋ ಇರಬೇಕು, ಆಯಿ ತನ್ನ ಮಗಳ ಬಾಣಂತನಕ್ಕೆ ಕನಮಡಿಗೆ ಹೋದಳು. ಮನೆ ಭಣಭಣ ಎನ್ನುತ್ತಿತ್ತು. ಆ ವಾರದಲ್ಲೇ ಕಳ್ಳಕವಟಗಿಯಿಂದ ಶಾವಂತ್ರವ್ವ ಬಂದಳು. ಗಂಡ ಸತ್ತವಳು, ಮಗನನ್ನು ದುಡಿಯಲು ಬೇರೆ ಊರಿಗೆ ಕಳಿಸಿ, ಹೊಲದ ಗುಡಿಸಲಿನಲ್ಲಿ ಒಬ್ಬಳೇ ಇದ್ದು ಆಡು ಸಾಕುತ್ತಿದ್ದಳು. ತೂತು ಬಿದ್ದ ತಾಮ್ರದ ಕೊಡವೊಂದನ್ನು ತಲೆಯ ಮೇಲೆ ಹೊತ್ತು ತಂದಿದ್ದಳು. ಆಕೆ ಬಂದಾಗ ಅಪ್ಪ ಒಬ್ಬ ಮುದುಕನನ್ನು ಕಂಬಳಿಯ ಮೇಲೆ ಕೂಡಿಸಿಕೊಂಡು ಅವನ ಮಾತು ಬರೆದುಕೊಳ್ಳುತ್ತಿದ್ದ. ಶಾವಂತ್ರವ್ವ ಮೆಟ್ಟಿಲ ಮೇಲೆ ಕೂತು ಅದನ್ನೆಲ್ಲ ಬಾಯಿ ತೆರೆದು ನೋಡಿದಳು. ಮುದುಕ ಎದ್ದು ಹೋದಮೇಲೆ ಕೊಡದೊಳಗೆ ಕೈ ಹಾಕಿ ಒಂದು ದುಡ್ಡು ತೆಗೆದಳು.

"ನಂದೂ ಒಂದ ಐತಿ ನೋಡಪ್ಪಾ."

ಅಪ್ಪ ಮೂರೂ ಪ್ರಶ್ನೆ ಕೇಳಿದ. ಆಕೆ ತಡಬಡಿಸಿದಳು.

"ಈ ಕೊಡದಾಗ ಇತ್ತರಿ. ನಮ್ಮತ್ತಿ ಕೊಡ ಇದು. ಆಕಿಗಿ ಆಕಿ ಅತ್ತಿ ಕೊಟ್ಟಿದ್ದಳಂತ. ಎಂದಿಂದ ಇತ್ತೋ ಯಾರಿಗ್ಗೊತ್ತು."

"ಹಂಗಾದ್ರ ಮೂಕ ಐತಿ ಬಿಡು," ಎಂದು ಅಪ್ಪ ಅದನ್ನು ತಕ್ಕಡಿಯ ತಟ್ಟೆಗೆ ಹಾಕಿ ಉಣ್ಣಲು ಒಳಗೆ ಹೋದ.

ಈಗ ಯೋಚಿಸಿದರೆ, ಒಂದು ಕೊಡದ ತಳದಲ್ಲಿ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ನಡೆದುಬಂದ ಆ ದುಡ್ಡಿನಷ್ಟು ಮಾತಾಡುವ ದುಡ್ಡು ಟ್ರಂಕಿನಲ್ಲೇ ಬೇರೊಂದು ಇರಲಿಲ್ಲವೇನೋ. ಅಪ್ಪನಿಗೆ ಅದು ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ. ನನಗೆ ಕಂಡದ್ದು ಸೆರಗಿನಿಂದ ಮೂಗು ಒರೆಸಿಕೊಂಡ ಆಕೆಯ ಮುಖ ಮಾತ್ರ. ನೀರು ಕೊಡಲು ಹೋದವಳು ಹತ್ತಿರವೇ ಕೂತೆ.

"ಯಾಕ ಸಪ್ಪಗ ಕುಂತೀರಿ ಯಮ್ಮಾ?"

"ಆ ಮುದುಕ ಒಂದ ತಾಸ ಮಾತಾಡಿದ, ನಿಮ್ಮಪ್ಪ ಹೂಂ ಹೂಂ ಅಂತ ಕೇಳಿದ. ನಂದು ಒಂದ ಮಾತಿಗಿ ಮುಗಿಸಿಬಿಟ್ಟ. ನನ್ನ ಮಾತ ಕೇಳಾಕ ಮನ್ಯಾಗ ಆಡ ಬಿಟ್ರ ಯಾರದಾರಬೇ? ಅವೂ ಹೂಂ ಅನ್ನಂಗಿಲ್ಲ."

"ನಿಮ್ಮ ಹೊಲದಾಗ ಬಾವಿ ಐತೇನ್ರಿ?"

"ಐತಿ. ನನ್ನ ಮದಿವ್ಯಾದ ವರ್ಷ ತೋಡಿದ್ದು."

"ಹಂಗಾದ್ರ ಬಾವಿ ತೋಡುಮುಂದ ಕುದರಿ ಎಲವ ಹತ್ತಿದ್ದೂ ಅನ್ರಿ. ಎಲವಿನ ಬಾಜೂಕ ಈ ದುಡ್ಡ ಬಿದ್ದಿತ್ತ ಅನ್ರಿ."

"ಸುಳ್ಳ ಆಕ್ಕೈತಲ್ಲಬೇ?"

"ಕತಿರೀ ಯಮ್ಮಾ. ಕತಿ ಸುಳ್ಳ ಹೆಂಗ ಆಕ್ಕೈತಿ?"

ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಶಾವಂತ್ರವ್ವ ನೆನಪಾದವಳ ಹಾಗೆ ಹಣೆ ಬಡಿದುಕೊಂಡು ಸುರು ಮಾಡಿದಳು. ನಾನು ಕೊಟ್ಟದ್ದು ಎರಡೇ ಮಾತು, ಆಕೆ ಅದಕ್ಕೆ ಕೈಕಾಲು ಹಚ್ಚಿದಳು. ಹನ್ನೆರಡು ಮೊಳದ ಕೆಳಗೆ ಗುದ್ದಲಿ ಎಲುಬಿಗೆ ತಾಗಿ ಖಣ್ ಎಂದಿತಂತೆ. ಕುದುರೆಯ ಹಲ್ಲು ಆಕೆಯ ಬೊಟ್ಟಿನಷ್ಟು ಉದ್ದ ಇದ್ದವಂತೆ. ದುಡ್ಡನ್ನು ಅತ್ತೆ ಹೆದರಿ ಕೊಡದೊಳಗೆ ಬಚ್ಚಿಟ್ಟಳಂತೆ. ಅಪ್ಪ ಕಂಬಳಿ ಕೊಡವಿ ಹಾಸಿದ. "ಚಹಾ ತಾ" ಎಂದು ಒಳಗೆ ಕೂಗಿದ. ಹಾಳೆ ತುಂಬಿದಮೇಲೆ ಅಂಚಿನಲ್ಲೂ ಬರೆದ. ನನ್ನ ಮಾತು ಇನ್ನೊಬ್ಬರ ಬಾಯಿಂದ ಬಂದು, ಅಪ್ಪನ ಅಕ್ಷರವಾಗಿ, ಹಾಳೆಯ ಮೇಲೆ ಇಳಿಯುತ್ತಿತ್ತು. ಅಷ್ಟು ದೊಡ್ಡ ಸುಖ ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಆ ಸುಖದ ಬೆನ್ನುಹತ್ತಿಯೇ ನಾನು ಜೀವನವಿಡೀ ನಾಲ್ಕು ಜನರ ನಡುವೆ ಕೂತು ಕತೆ ಹೇಳುವವಳಾದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಅಲ್ಲಿಂದ ಅಪ್ಪ ಬೇರೆ ಮನುಷ್ಯನಾದ. ಬಿಜಾಪುರದ ಮುತ್ತಿಗೆಗೆ ಬಂದ ಮೊಗಲರ ದಂಡಿನ ಒಂದು ತುಕಡಿ ಕಳ್ಳಕವಟಗಿಯ ಹೊಲದಲ್ಲಿ ಬೀಡುಬಿಟ್ಟಿತ್ತು ಎಂದು ಅವನಿಗೆ ಅನ್ನಿಸಿಬಿಟ್ಟಿತು. ಸೈಕಲ್ಲಿನ ಮೇಲೆ ಹೋಗಿ ಆ ಬಾವಿಯ ದಂಡೆಯ ಮೇಲೆ ನಿಂತು ಬಂದ. ಹಳೆಯ ಹಾಳೆಗಳ ಹಿಂದೆ ನಕಾಶೆ ಬರೆದ. ಸಂತೆಯ ದಿನ ಬಬಲೇಶ್ವರಕ್ಕೆ ಬಾಂಡೆ ಒಯ್ದವನು ಮಾರುವುದು ಬಿಟ್ಟು ಕಂಡಕಂಡವರ ಮುಂದೆ ಕುದುರೆಯ ವಿಷಯ ತೆಗೆಯುತ್ತಿದ್ದ. ಮನೆಯಲ್ಲಿ ಅವನು ಅಷ್ಟು ನಕ್ಕಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ನನಗೆ ಒಂದೆರಡು ಸಲ ಹೇಳಿಬಿಡಬೇಕು ಅನ್ನಿಸಿತು. ಆ ನಗು ನೋಡಿ ನಾಲಿಗೆ ಹಿಂದಕ್ಕೆ ಹೋಯಿತು. ಮೂರ್ನಾಲ್ಕು ತಿಂಗಳಾದ ಮೇಲೆ ವಿಜಯಪುರದಿಂದ, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಒಬ್ಬ ಮಾಸ್ತರರನ್ನು ಅಪ್ಪ ಊಟಕ್ಕೆ ಕರೆದುಕೊಂಡು ಬಂದ. ಅವ್ವ ಹೋಳಿಗೆ ಮಾಡಿದಳು. ತುಪ್ಪ ಬಡಿಸುವ ಕೆಲಸ ನನಗೆ.

ಮಾಸ್ತರರು ಸಾವಕಾಶದ ಮನುಷ್ಯ. ಊಟಕ್ಕೆ ಮೊದಲೇ ಪೊಟ್ಟಣಗಳನ್ನು ಬಿಚ್ಚಿ ಓದಿದರು. ಗೊರಸಿನ ದುಡ್ಡಿನ ಚೀಟಿ ಓದಿ ನಕ್ಕು, ಇನ್ನೊಮ್ಮೆ ಓದಿದರು. ಶಾವಂತ್ರವ್ವನ ದುಡ್ಡು ಬಂದಾಗ ಕಿಸೆಯಿಂದ ಭೂತಗನ್ನಡಿ ತೆಗೆದು ಬಾಗಿಲಿಗೆ ಹೋಗಿ ಬಹಳ ಹೊತ್ತು ನೋಡಿದರು.

"ಇದು ನಿಜಾಮರದ ಐತಿ ನೋಡ್ರಿ. ನೀವು ಹೇಳೂ ದಂಡು ಬಂದ ಹ್ವಾದಮ್ಯಾಲ ನೂರ ವರ್ಷಾದ್ರೂ ಆಗಿರಬೇಕ, ಇದರ ಅಚ್ಚ ಹಾಕಿದ್ದು."

"ಮತ್ತ ಕುದರಿ ಎಲವಿನ ಬಾಜೂಕ ಹೆಂಗ ಬಂತ್ರಿ ಸರ್?"

"ಎಲವ ಯಾರ ನೋಡ್ಯಾರ?"

ಅಂದು ತಿಕೋಟಾದ ಸಂತೆ. ಶಾವಂತ್ರವ್ವ ಆಡಿನ ಮರಿ ಮಾರಲು ಬಂದಿರುತ್ತಾಳೆಂದು ಅಪ್ಪನಿಗೆ ಗೊತ್ತಿತ್ತು. ತಾನೇ ಎದ್ದು ಹೋಗಿ ಕರೆತಂದ. ಆಕೆ ಖುಷಿಯಿಂದಲೇ ಬಂದು ಕಂಬಳಿಯ ಮೇಲೆ ತನ್ನ ಜಾಗದಲ್ಲಿ ಕೂತಳು. ಮಾಸ್ತರರು ಮೆತ್ತಗೆ ಕೇಳಿದರು.

"ಎಷ್ಟ ಕೆಳಗ ಹತ್ತಿದ್ದೂಬೇ ಎಲವ?"

"ಆರೇಳ ಮೊಳ ಇದ್ದೀತ್ರಿ."

"ಇಲ್ಲಿ ಹನ್ನೆರಡ ಅಂತ ಬರದೈತಲ್ಲ?"

"ಹೌದ್ರಿ, ಹನ್ನೆರಡ."

"ಈಗ ಎಲ್ಲಿ ಅದಾವ?"

ಶಾವಂತ್ರವ್ವ ನನ್ನ ಕಡೆ ನೋಡಿದಳು. ನಾನು ತುಪ್ಪದ ಗಿಂಡಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಇನ್ನೊಂದು ಮಾತು ಕೊಡು ಎಂದು ಬೇಡುವ ನೋಟ ಅದು. ನಾನು ತಲೆ ಕೆಳಗೆ ಹಾಕಿದೆ. ಗಿಂಡಿಯೊಳಗಿನ ತುಪ್ಪದ ಮೇಲೆ ನನ್ನ ಮೂಗಿನ ನೆರಳು ಕಾಣುತ್ತಿತ್ತು, ಅದನ್ನೇ ನೋಡಿದೆ.

"ಸುಳ್ಳ ಹೇಳಿದೇನಬೇ?" ಎಂದ ಅಪ್ಪ.

"ಹೂಂ ಯಪ್ಪಾ. ಸುಳ್ಳ ಹೇಳಿದೆ. ನಾನ ಕಟ್ಟಿ ಹೇಳಿದೆ."

"ಯಾರರ ಹೇಳಿಕೊಟ್ರೇನು?"

"ಯಾರ ಹೇಳಿಕೊಡತಾರಪ್ಪಾ ನನಗ? ಆಸಿ ಆತು, ಹೇಳಿದೆ."

"ಹೋಗು. ಇನ್ನ ಈ ಮೆಟ್ಟಲಾ ಹತ್ತಬ್ಯಾಡ."

ಆಕೆ ಎದ್ದು ಕಂಬಳಿಯ ಸುಕ್ಕನ್ನು ಕೈಯಿಂದ ಸರಿ ಮಾಡಿ ಇಳಿದು ಹೋದಳು. ಹೋಳಿಗೆ ಎಲ್ಲರ ತಾಟಿನಲ್ಲೂ ಹಾಗೇ ಉಳಿಯಿತು. ಮಾಸ್ತರರು ಹೊರಡುವಾಗ ಅಪ್ಪನ ಭುಜ ಮುಟ್ಟಿ ಹೇಳಿದರು.

"ಒಂದ ತಪ್ಪಾತಂದ್ರ ಉಳದವೆಲ್ಲಾ ತಪ್ಪ ಅಂತ ಅಲ್ರಿ. ಉಳದ ಚೀಟಿ ಭಾಳ ಛಂದ ಅದಾವ."

"ಯಾವ್ದ ಖರೆ, ಯಾವ್ದ ಸುಳ್ಳ, ಯಾರ ಹೇಳಬೇಕ್ರಿ ಸರ್? ನಾ ಏನ ನೋಡಾಕ ಹೋಗಿದ್ನೇನು? ಚಹಾದ ಆಸೇಕ್ಕ ಹೇಳ್ಯಾರ, ನಾ ಬರಕೊಂಡೇನಿ."

ಸಂಜೆ ದೀಪ ಹಚ್ಚುವ ಮೊದಲು ಅಪ್ಪ ಹಂಡೆಯ ಒಲೆಯ ಮುಂದೆ ಹೋಗಿ ಕೂತ. "ಕಮಲಾ, ಟ್ರಂಕ ತಾ" ಎಂದ. ನಾನೇ ಎಳೆದುಕೊಂಡು ಹೋಗಿ ಅವನ ಬದಿಗೆ ಇಟ್ಟೆ. ಒಂದೊಂದು ಪೊಟ್ಟಣ ಬಿಚ್ಚಿ, ದುಡ್ಡನ್ನು ತಾಮ್ರದ ಚೀಲಕ್ಕೆ ಹಾಕಿ, ಚೀಟಿಯನ್ನು ಕೊನೆಯ ಸಲ ಮನಸ್ಸಿನಲ್ಲೇ ಓದಿ, ಒಲೆಗೆ ಇಳಿಸುತ್ತಿದ್ದ. ಸಿಟ್ಟಿನಿಂದ ಸುಟ್ಟಿದ್ದರೆ ಯಾರಾದರೂ ತಡೆಯುತ್ತಿದ್ದರೇನೋ. ಅವನು ಶ್ರಾದ್ಧ ಮಾಡುವವನ ಹಾಗೆ ಸಾವಕಾಶ ಮಾಡುತ್ತಿದ್ದ. ಅದೊಂದೇ ಸುಳ್ಳು, ಅದನ್ನು ಹೇಳಿಕೊಟ್ಟವಳು ನಾನು, ಉಳಿದವು ಖರೆ. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ ಕೂಡ. ಅಪ್ಪ ತಿರುಗಿ ನೋಡಿದ.

"ಏನ?"

"ಏನಿಲ್ಲಪ್ಪಾ."

ಅವನು ಇನ್ನೊಂದು ಬಿಚ್ಚಿದ. ಹೊಸ್ತಿಲಿನದೋ ಗೊರಸಿನದೋ ನನಗೆ ಕಾಣಲಿಲ್ಲ. ಟ್ರಂಕು ಬರಿದಾಗುವ ಹೊತ್ತಿಗೆ ಹಂಡೆಯಿಂದ ಆವಿ ಏಳುತ್ತಿತ್ತು. ಕಾದ ನೀರನ್ನು ಚೆಲ್ಲುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಅವ್ವ ನನ್ನನ್ನು ಬಚ್ಚಲಿಗೆ ಕರೆದು ಅದೇ ನೀರು ಎರೆದಳು. ಮೈ ಬೆಚ್ಚಗಾಗುತ್ತಿದ್ದ ಹಾಗೆ ನಾನು ಅಳುತ್ತಿದ್ದೆ. ಸಾಬೂನು ಕಣ್ಣಿಗೆ ಹೋಯಿತೆಂದು ತಿಳಿದು ಆಕೆ ಇನ್ನೊಂದು ತಂಬಿಗೆ ಮುಖಕ್ಕೆ ಸುರಿದಳು.

ಮುಂದಿನ ವಾರ ಬಾಣಂತನ ಮುಗಿಸಿ ಆಯಿ ಕನಮಡಿಯಿಂದ ಬಂದಳು. ದುಡ್ಡಿನ ಚೀಲ ಅಷ್ಟರಲ್ಲಿ ವಿಜಯಪುರದ ಬಸ್ಸಿನ ಮೇಲೇರಿ ಹೋಗಿಯಾಗಿತ್ತು. ಅವ್ವ ನಡೆದದ್ದನ್ನು ಹೇಳುತ್ತ ಕುದುರೆಯ ಎಲುಬಿಗೆ ಬಂದಾಗ ಆಯಿಯ ಕೈಯಲ್ಲಿನ ಶೇಂಗಾ ನಿಂತಿತು. ಅವ್ವ ಒಳಗೆ ಹೋದಮೇಲೆ ನನ್ನನ್ನು ಹತ್ತಿರ ಕರೆದಳು.

"ಬಾವ್ಯಾಗಿನ ಕುದರಿ ಆ ಮುದುಕಿಗಿ ಯಾರ ಕೊಟ್ರ?"

ನಾನು ಎಲ್ಲ ಹೇಳಿದೆ. ಹೇಳಿ, ಅಪ್ಪನ ಮುಂದೆಯೂ ಹೇಳುತ್ತೇನೆ ಎಂದು ಎದ್ದೆ. ಆಯಿ ನನ್ನ ರಟ್ಟೆ ಹಿಡಿದು ಕೂಡಿಸಿದಳು.

"ಈಗ ಹೇಳಬ್ಯಾಡ. ಅಂವ ಸುಳ್ಳ ಸುಟ್ಟೇನಿ ಅಂತ ತಿಳಕೊಂಡಾನ. ಖರೇದನ್ನ ಸುಟ್ಟೇನಿ ಅಂತ ಗೊತ್ತಾತಂದ್ರ ತಡಕೊಳ್ಳಂಗಿಲ್ಲ. ಹೇಳೂ ಹೊತ್ತಿನ್ಯಾಗ ಹೇಳಲಿಲ್ಲ. ಈಗ ಹೊತ್ತಕೊಂಡ ಇರು."

ಅಂದಿನಿಂದ ಆಯಿ ನನಗೆ ಕತೆ ಹೇಳಲಿಲ್ಲ. ಬೇರೆಯವರಿಗೆ ಹೇಳುತ್ತಿದ್ದಳು, ನಾನು ಬಂದು ಕೂತರೆ ತಡೆಯುತ್ತಲೂ ಇರಲಿಲ್ಲ. ಆದರೆ ನಡುವೆ ಒಮ್ಮೆ ನನ್ನ ಕಡೆ ನೋಡಿ, "ಇದು ಕತಿ ಮತ್ತ, ನೆನಪಿರಲಿ" ಎನ್ನುತ್ತಿದ್ದಳು. ಅಪ್ಪ ಅಂಗಡಿ ನಡೆಸಿದ. ತಾಮ್ರದೊಳಗೆ ದುಡ್ಡು ಬಂದರೆ ತಾಮ್ರದ ಜೊತೆಗೇ ತೂಗಿದ. ಎಲ್ಲಿಂದ ಬಂದಿರಿ ಎಂದು ಕೂಡ ಯಾರನ್ನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಜಗಳವಾಡಲು ಇಬ್ಬರಿಗೂ ಏನೂ ಉಳಿದಿರಲಿಲ್ಲ. ಜಗಳವಿಲ್ಲದ ಆ ಊಟಗಳು ನನಗೆ ಬಹಳ ಉದ್ದವೆನಿಸುತ್ತಿದ್ದವು. ಅವ್ವ ಮಾತ್ರ ಒಡೆದ ಹಿಮ್ಮಡಿ ಕಂಡಾಗ ರೂಢಿಯಂತೆ ಚಹಾಕ್ಕೆ ನೀರಿಟ್ಟು, ಹೊರಗಿನಿಂದ ಕೂಗು ಬಾರದಿದ್ದಾಗ, ತಾನೇ ಬಸಿದುಕೊಂಡು ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದಳು.

ಈಗ ಅವರು ಯಾರೂ ಇಲ್ಲ. ನಾನು ವಿಜಯಪುರದಲ್ಲಿದ್ದೇನೆ. ಹೇಳಬಾರದೆಂದು ಬಾಯಿ ಕಟ್ಟಿದವಳೂ ಇಲ್ಲ, ಕೇಳಿ ನೊಂದುಕೊಳ್ಳುವವನೂ ಇಲ್ಲ ಎಂದಮೇಲೆ ಒಂದು ಕೆಲಸ ಬಾಕಿ ಇತ್ತು. ಶಾವಂತ್ರವ್ವ ಸುಳ್ಳುಗಾರ್ತಿಯಲ್ಲ, ಸುಳ್ಳು ನನ್ನದು ಎಂದು ಆಕೆಯ ಮನೆಯವರ ಮುಂದಾದರೂ ಹೇಳಬೇಕಿತ್ತು. ಹೋದ ಚಳಿಗಾಲದಲ್ಲಿ ಕಳ್ಳಕವಟಗಿಗೆ ಹೋದೆ. ಆಡು ಮೇಯುತ್ತಿದ್ದ ಹೊಲದಲ್ಲಿ ದ್ರಾಕ್ಷಿಯ ತೋಟ, ಗುಡಿಸಲಿನ ಜಾಗದಲ್ಲಿ ಸ್ಲ್ಯಾಬಿನ ಮನೆ. ಶಾವಂತ್ರವ್ವ ತೀರಿ ಬಹಳ ವರ್ಷವಾಗಿತ್ತು. ಸೊಸೆ ಮಾದೇವಿ, ಆಕೆಗೇ ಈಗ ತಲೆ ಬೆಳ್ಳಗಾಗಿದೆ, ನೀರು ಕೊಟ್ಟು ಯಾರ ಪೈಕಿ ಎಂದು ಕೇಳಿದಳು. ತಿಕೋಟಾದ ಬಾಂಡೆ ಅಂಗಡಿಯವರ ಮಗಳು ಎಂದೆ. ಮಾದೇವಿಯ ಮುಖ ಅರಳಿಬಿಟ್ಟಿತು.

"ಬರಕೊಂಡಾರಲ್ರೀ, ಅವರ ಮಗಳೇನ್ರಿ? ನಮ್ಮತ್ತಿ ಸಾಯೂತನಕಾ ಅದನ್ನ ಹೇಳ್ಯಾಳ. ಈ ಬಾವ್ಯಾಗ ಕುದರಿ ಎಲವ ಹತ್ತಿದ್ದೂ ಅಂತ. ಊರಾಗ ಮಂದಿ ನಗತಿದ್ರು. 'ನಗ್ರಿ, ತಿಕೋಟಾದ ಸಾವ್ಕಾರ ಕಾಗದದಾಗ ಬರಕೊಂಡಾನ' ಅನ್ನಾಕಿ."

ಬಾವಿಯಲ್ಲಿ ನೀರಿಲ್ಲ, ಬೋರಿನ ಪೈಪು ಅದರ ದಂಡೆಯ ಮೇಲೇ ಹಾದುಹೋಗಿದೆ. ಆದರೂ ಅಮಾವಾಸ್ಯೆಗೆ ಒಂದು ಕಾಯಿ ಒಡೆಯುತ್ತಾರಂತೆ, ಕುದುರೆಯ ಹೆಸರಿಗೆ. ನಾನು ಮಾತು ತೆಗೆದೆ.

"ಮಾದೇವಿ, ಆ ಎಲವಿನ ಮಾತ ಐತಲ್ಲ..."

"ಖರೆ ಐತ್ರಿ. ನಮ್ಮತ್ತಿ ಬಾಯಿ ಜೋರ ಇತ್ತು, ನನಗೂ ಕಾಡ್ಯಾಳ, 'ಇಲ್ಲ' ಅನ್ನಂಗಿಲ್ಲ. ಆದ್ರ ಸುಳ್ಳ ಹೇಳಾಕಿ ಅಲ್ಲ ನೋಡ್ರಿ ಆಕಿ."

ನಾನು ಹೇಳಲು ಬಂದದ್ದೂ ಅದನ್ನೇ. ಆದರೆ ನಾನು ಮಾತು ಮುಗಿಸಿದ್ದರೆ ಅದು ತಿರುವುಮುರುವಾಗಿ, ಆ ಮನೆಯಲ್ಲಿ ಶಾವಂತ್ರವ್ವನೇ ಸುಳ್ಳುಗಾರ್ತಿಯಾಗುತ್ತಿದ್ದಳು. ಮಾದೇವಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಂದಿಟ್ಟಳು. ಉಂಡೆ. ತಾಟು ಎತ್ತುತ್ತ ಆಕೆ ಕೇಳಿದಳು.

"ಆ ಕಾಗದ ಇನ್ನಾ ಐತೇನ್ರಿ ನಿಮ್ಮ ಕಡೆ?"

"ಐತಿ," ಅಂದೆ.

ಆಕೆ ತಾಟನ್ನು ಅಲ್ಲೇ ಇಟ್ಟು ಒಳಗೆ ಹೋಗಿ ಮಗನಿಗೆ ಫೋನು ಹಚ್ಚಿದಳು. "ಐತಂತ," ಎಂದು ಆಕೆ ಕೂಗಿ ಹೇಳುತ್ತಿದ್ದುದು ಕಟ್ಟೆಯ ಮೇಲೆ ಎಂಜಲು ಕೈಯಲ್ಲಿ ಕೂತಿದ್ದ ನನಗೆ ಕೇಳಿಸುತ್ತಿತ್ತು. "ಇನ್ನಾ ಐತಂತ, ಜ್ವಾಕಿಲೆ ಇಟ್ಟಾರಂತ."